ಗ್ಲಾಸಿಗೆ ಊರುಂಟು, ಬಟ್ಟಲಿಗೆ ಊರಿಲ್ಲ

ವಿಮಾನ ನಿಲ್ದಾಣದ ಬಾರಿನಲ್ಲಿ ವೈನ್ ಬಾಟಲಿ ತನ್ನ ತೋಟದ ಹೆಸರು ಹೊತ್ತು ನಿಲ್ಲುತ್ತದೆ. ಪಕ್ಕದ ಬಟ್ಟಲಿನ ಶೇಂಗಾಕ್ಕೆ ಊರೂ ಇಲ್ಲ, ಹೆಸರೂ ಇಲ್ಲ. ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ಕಿತ್ತು ಕಣಕ್ಕೆ ಬರುವ ಈ ಕಾರ್ತಿಕದಲ್ಲಿ, ಒಂದು ಹಿಡಿ ಬೀಜದ ಜಾಡು ಹಿಡಿದು ದೇವನಹಳ್ಳಿಯವರೆಗೆ ಹೊರಟಾಗ ಕಂಡ ಕತೆ.

2024ರ ಜೂನ್ 23, ಭಾನುವಾರ. ಬೆಳಿಗ್ಗೆ 7 ಗಂಟೆ 10 ನಿಮಿಷ. ಚಳ್ಳಕೆರೆ ತಾಲ್ಲೂಕಿನ ಬಯಲಿನ ಮೇಲೆ, ನೆಲದಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ, ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ತಾನು ಎತ್ತಿ ತಂದಿದ್ದ ರೆಕ್ಕೆಯ ವಾಹನವೊಂದನ್ನು ಕೈಬಿಟ್ಟಿತು.

ಅದು ಇಸ್ರೊದ 'ಪುಷ್ಪಕ್'. ಒಳಗೆ ಪೈಲಟ್ ಇಲ್ಲ, ಎಂಜಿನ್ ಸದ್ದಿಲ್ಲ. ದಿಕ್ಕನ್ನು ತಾನೇ ಸರಿಪಡಿಸಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ರನ್‌ವೇ ಮುಟ್ಟಿತು. ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಂಡಿತು, ವೇಗ ಇಳಿಯಿತು, ವಾಹನ ನಿಂತಿತು. 2023ರ ಏಪ್ರಿಲ್ 2 ಮತ್ತು 2024ರ ಮಾರ್ಚ್ 22ರ ನಂತರ ಅದೇ ನೆಲದಲ್ಲಿ ನಡೆದ ಮೂರನೇ ಪ್ರಯೋಗ ಅದು. ಮೂರೂ ಗೆದ್ದವು.

ಆರಿದ್ರಾ ಮಳೆ ಆಗಷ್ಟೇ ಹುಟ್ಟಿದ ವಾರ ಅದು. ಆ ಹೊತ್ತಿಗೆ ಸುತ್ತಲ ಹೊಲಗಳಲ್ಲಿ ಶೇಂಗಾ ಬಿತ್ತನೆಯ ಮಾತೇ ಮಾತು. ಕೂರಿಗೆ ಕಟ್ಟಿ, ಬೀಜ ಸುಲಿದು, ಒಂದು ಹದ ಮಳೆಗಾಗಿ ಮೋಡ ನೋಡುವ ದಿನಗಳು.

ಚಳ್ಳಕೆರೆಯ ಈ ರನ್‌ವೇ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರದ್ದು. 2017ರ ಮೇ 28ರಂದು ಅಂದಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಅದನ್ನು ಉದ್ಘಾಟಿಸಿದರು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ರುಸ್ತುಂ–2 ಡ್ರೋನ್ ಇಲ್ಲಿಂದಲೇ ಮೊದಲ ಸಲ ಹಾರಿತ್ತು. ತಲೆಮಾರುಗಳ ಕಾಲ ದನ, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಹುಲ್ಲುನೆಲ ಅದು. ಅಲ್ಲಿ ಇಂದು ರಾಷ್ಟ್ರದ ಅತಿ ಸೂಕ್ಷ್ಮ ಯಂತ್ರಗಳು ರೆಕ್ಕೆ ಬಿಚ್ಚುತ್ತವೆ.

ಆದರೆ ಅಲ್ಲಿ ಪ್ರಯಾಣಿಕರಿಲ್ಲ. ಚೆಕ್‌–ಇನ್ ಸಾಲಿಲ್ಲ, ಬೋರ್ಡಿಂಗ್ ಗೇಟಿಲ್ಲ, ಕಾಯುವವರಿಗೆ ಕಾಫಿ, ಬಿಯರ್, ವೈನ್ ಕೊಡುವ ಅಂಗಡಿಗಳಿಲ್ಲ. ಸೀಮೆಯ ಜನ ವಿಮಾನ ಹತ್ತಬೇಕೆಂದರೆ ಹಿರಿಯೂರಿನತ್ತ ಹೆದ್ದಾರಿ ಹಿಡಿದು, ತುಮಕೂರು ದಾಟಿ, ಇನ್ನೂರು ಕಿಲೋಮೀಟರಿನಾಚೆಯ ದೇವನಹಳ್ಳಿಗೆ ಹೋಗಬೇಕು.

ನಾವೂ ಆ ದಾರಿಯಲ್ಲೇ ಹೋಗೋಣ. ಈ ಸೀಮೆಯ ಬೆಳೆಗೂ ಅಲ್ಲಿನ ಬಾರಿನ ಮೇಜಿಗೂ ಹತ್ತಿರದ ಸಂಬಂಧವಿದೆ.

ಯಾರದೂ ಅಲ್ಲದ ಹೊತ್ತು

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿದ್ದು 2008ರ ಮೇ 24ರಂದು. ಬಿದಿರಿನ ಚಾವಣಿ, ತೂಗುವ ಹಸಿರುಗಳ ಎರಡನೇ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. ಅದೇ ದಿನ ಹೊರಗೆ 108 ಅಡಿಯ ಕೆಂಪೇಗೌಡರ ಪ್ರತಿಮೆಯ ಅನಾವರಣವೂ ಆಯಿತು.

ಭದ್ರತಾ ತಪಾಸಣೆ ಮುಗಿದ ಮೇಲೆ ಸಿಗುವ ಹೊತ್ತು ಬೇರೆಯದೇ ಬಗೆಯದು. ಮನೆ ಬಿಟ್ಟಾಗಿದೆ, ಊರು ಸೇರಿಲ್ಲ. ಆಫೀಸಿನ ಕೆಲಸವೂ ಹಿಡಿತಕ್ಕೆ ಸಿಗದು, ಮನೆಯ ಕೆಲಸವೂ ಅಷ್ಟೇ. ಬೆಲ್ಟು, ಲ್ಯಾಪ್‌ಟಾಪು, ನಾಣ್ಯಗಳನ್ನು ಟ್ರೇಯಿಂದ ಮತ್ತೆ ಜೋಡಿಸಿಕೊಂಡವರಿಗೆ ಇದ್ದಕ್ಕಿದ್ದಂತೆ ಒಂದೂವರೆ ಗಂಟೆ ಪುರುಸೊತ್ತು ಕೈಗೆ ಬರುತ್ತದೆ.

ಆ ಹೊತ್ತಿಗೇ ಬಾರು ಕಣ್ಣಿಗೆ ಬೀಳುವುದು. ಎತ್ತರದ ಸ್ಟೂಲು, ಹಿಂದೆ ಸಾಲು ಬಾಟಲಿ, ಮೇಲೆ ಹಾರಾಟದ ಸಮಯ ತೋರುವ ಪರದೆ. ಕಾಲ ಬಳಿ ಚಕ್ರದ ಸೂಟ್‌ಕೇಸು ನಿಲ್ಲಿಸಿ ಒಬ್ಬರು ಕೆಂಪು ವೈನಿನ ಗ್ಲಾಸನ್ನು ಮೆಲ್ಲಗೆ ತಿರುಗಿಸುತ್ತಾರೆ. ಇನ್ನೊಬ್ಬರು ಬಿಳಿ ವೈನಿನ ಗ್ಲಾಸು ಮುಂದಿಟ್ಟುಕೊಂಡು ಮನೆಗೆ ಕೊನೆಯ ಫೋನು ಮಾಡುತ್ತಾರೆ.

ಅತ್ತ, ಗೇಟಿನ ಕುರ್ಚಿಯಲ್ಲಿ ಬೇರೆ ಪ್ರಯಾಣಿಕರಿದ್ದಾರೆ. ಮೊಮ್ಮಗುವನ್ನು ನೋಡಲು ಮೊದಲ ಸಲ ಅಮೆರಿಕಕ್ಕೆ ಹೊರಟ ಅಪ್ಪ–ಅಮ್ಮ. ಚಿತ್ರದುರ್ಗ ಸೀಮೆಯವರಾದರೆ ಅವರ ಸಾಮಾನಿನಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣ, ಬೆಲ್ಲದ ಪಾಕದ ಶೇಂಗಾ ಉಂಡೆ ಖಾತ್ರಿ. ಸೊಸೆಗೊಂದು ಮೊಳಕಾಲ್ಮೂರು ಸೀರೆಯೂ ಇದ್ದೀತು. ಈ ದಂಪತಿಗೆ ವೈನ್ ಬೇಡ. ಚಹಾ ಸಿಕ್ಕರೆ ಸಾಕು.

ಬಾರಿನ ಸ್ಟೂಲಿನ ಮೇಲೂ ಗೇಟಿನ ಕುರ್ಚಿಯ ಮೇಲೂ ಇರುವ ಒಂದೇ ಒಂದು ತಿನಿಸು ಶೇಂಗಾ. ಅಲ್ಲಿ ಉಪ್ಪು ಹಚ್ಚಿ ಹುರಿದದ್ದು ಬಟ್ಟಲಿನಲ್ಲಿ, ಇಲ್ಲಿ ಬೆಲ್ಲ ಬೆರೆತದ್ದು ಡಬ್ಬಿಯಲ್ಲಿ. ಡಬ್ಬಿಯದು ಯಾವ ಊರಿನ ಬೀಜವೆಂದು ಅಮ್ಮನಿಗೆ ಗೊತ್ತು. ಬಟ್ಟಲಿನದು ಯಾವ ಊರಿನದೆಂದು ಅಲ್ಲಿರುವ ಯಾರಿಗೂ ಗೊತ್ತಿಲ್ಲ.

ಅದು ಚಳ್ಳಕೆರೆಯದೋ, ಪಾವಗಡದ್ದೋ, ಅನಂತಪುರದ್ದೋ, ಗುಜರಾತಿನ ಸೌರಾಷ್ಟ್ರದ್ದೋ, ಬಟ್ಟಲು ಹೇಳುವುದಿಲ್ಲ. ವೈನ್ ಮಾತ್ರ ತನ್ನ ವಿಳಾಸವನ್ನು ಮೊದಲೇ ಹೇಳಿಬಿಡುತ್ತದೆ.

ಬಾಕ್ಸ್ | ಕಾಯುವವರಿಗೊಂದು ಬೆಚ್ಚನೆಯ ಗ್ಲಾಸು

● ಅಟ್ಲಾಂಟಿಕ್ ದಾಟುತ್ತಿದ್ದ ನೀರ್ವಿಮಾನಗಳು ಎರಡನೇ ಮಹಾಯುದ್ಧದ ಕಾಲದಲ್ಲಿ ಐರ್ಲೆಂಡಿನ ಫಾಯ್ನ್ಸ್‌ನಲ್ಲಿ ತಂಗುತ್ತಿದ್ದವು. 1943ರ ಒಂದು ಚಳಿರಾತ್ರಿ, ಹವಾಮಾನ ಕೆಟ್ಟು ಹಿಂತಿರುಗಿದ ಪ್ರಯಾಣಿಕರಿಗೆ ಅಲ್ಲಿನ ಬಾಣಸಿಗ ಜೋ ಶೆರಿಡನ್ ಕಾಫಿಗೆ ವಿಸ್ಕಿ ಬೆರೆಸಿ, ಮೇಲೆ ಕೆನೆ ಹಾಕಿ ಕೊಟ್ಟರು. 'ಐರಿಷ್ ಕಾಫಿ' ಹುಟ್ಟಿದ್ದು ಹೀಗೆ ಎಂಬುದು ಪ್ರಸಿದ್ಧ ಕತೆ.

● ಜಗತ್ತಿನ ಮೊದಲ ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿ ತೆರೆದದ್ದೂ ಐರ್ಲೆಂಡಿನಲ್ಲೇ: ಶ್ಯಾನನ್, 1947.

● ಭಾರತದ ದೇಶೀಯ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲ. ಹಾಗಾಗಿ ದೇಶದೊಳಗೆ ಹಾರುವವರಿಗೆ ಗ್ಲಾಸು ಸಿಗುವುದಿದ್ದರೆ ನೆಲದ ಮೇಲೆ ಮಾತ್ರ.

ನಂದಿಯ ತಪ್ಪಲು ಹೆಸರು ಮಾಡಿದ್ದು

ದೇವನಹಳ್ಳಿಯ ರನ್‌ವೇಯಿಂದ ಮೇಲೇರುವ ವಿಮಾನದ ಕಿಟಕಿಯಿಂದ ನಂದಿ ಬೆಟ್ಟದ ಸಾಲು ಕಾಣುತ್ತದೆ. ಅದರ ಆಸುಪಾಸಿನ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ದೇವನಹಳ್ಳಿ ತಾಲ್ಲೂಕುಗಳು ದ್ರಾಕ್ಷಿಯ ನಾಡು.

ಇಲ್ಲಿನ ಹಳೆಯ ಬೆಳೆ 'ಬೆಂಗಳೂರು ನೀಲಿ'. ಕಪ್ಪುನೀಲಿ ಬಣ್ಣ, ದಪ್ಪ ಸಿಪ್ಪೆ, ಬಾಯಿಗಿಟ್ಟರೆ ಗಮ್ಮೆನ್ನುವ ಪರಿಮಳ. ತಿನ್ನಲು, ರಸಕ್ಕೆ, ಸಿಹಿ ವೈನಿಗೆ ಬಳಕೆಯಾಗುವ ಈ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿತು.

ವೈನಿಗೆಂದೇ ಫ್ರೆಂಚ್ ತಳಿಗಳನ್ನು ಈ ತಪ್ಪಲಿಗೆ ತಂದವರು ಕನ್ವಲ್ ಗ್ರೋವರ್. 1988ರಲ್ಲಿ ಸ್ಥಾಪನೆಯಾದ ಗ್ರೋವರ್ ವೈನರಿ ದೊಡ್ಡಬಳ್ಳಾಪುರದ ಬಳಿ ತೋಟ ಹಾಕಿತು. ಮುಂದೆ ಫ್ರಾನ್ಸಿನ ಹೆಸರಾಂತ ವೈನ್ ತಜ್ಞ ಮಿಶೆಲ್ ರೊಲಾಂ ಅವರ ಸಲಹೆಯೂ ದೊರೆಯಿತು. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿನಷ್ಟು ಎತ್ತರ, ಹಗಲ ಬಿಸಿಲು, ರಾತ್ರಿಯ ತಂಪು ಇವೆಲ್ಲ ಹಣ್ಣಿನ ಹುಳಿಯನ್ನು ಉಳಿಸಿಕೊಡುತ್ತವೆ.

2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ವೈನ್ ಮಂಡಳಿ ಹುಟ್ಟಿತು. ವೈನನ್ನು ಅಬಕಾರಿ ವರಮಾನದ ಬಾಬ್ತು ಎಂದಷ್ಟೇ ನೋಡದೆ, ತೋಟಗಾರಿಕೆಯ ಉತ್ಪನ್ನವಾಗಿಯೂ ನೋಡುವ ಬಗೆ ಶುರುವಾಯಿತು.

ಇದರಿಂದ ಏನಾಯಿತು ಎಂಬುದಕ್ಕೆ ಬಾರಿನ ಮೆನುವೇ ಸಾಕ್ಷಿ. ಅಲ್ಲಿ ಒಂದು ವೈನಿನ ಹೆಸರಿನೊಂದಿಗೆ ತಳಿ ಇದೆ, ತೋಟವಿದೆ, ಸೀಮೆಯಿದೆ, ಕೆಲವೊಮ್ಮೆ ದ್ರಾಕ್ಷಿ ಕೊಯ್ದ ವರ್ಷವೂ ಇದೆ. 'ನಂದಿ ಹಿಲ್ಸ್', 'ನಾಸಿಕ್', 'ಹಂಪಿ ಹಿಲ್ಸ್' ಎಂದು ಓದಿಯೇ ಗ್ರಾಹಕ ಆರಿಸುತ್ತಾನೆ. ಪಕ್ಕದ ಕಾಫಿ ಅಂಗಡಿಯಲ್ಲೂ ಇದೇ ರೂಢಿ. ಬಾಬಾಬುಡನ್‌ಗಿರಿ, ಕೊಡಗು, ಚಿಕ್ಕಮಗಳೂರು ಎಂದು ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿರುತ್ತದೆ.

ಊರಿನ ಹೆಸರು ಹತ್ತಿದ ಕೂಡಲೇ ಸರಕಿನ ಬೆಲೆಯ ಲೆಕ್ಕ ಬದಲಾಗುತ್ತದೆ. ಕೊಳ್ಳುವವನು ತೂಕ ನೋಡುವುದನ್ನು ಬಿಟ್ಟು ಗುಣ ನೋಡುತ್ತಾನೆ. ಬೆಳೆದವನಿಗೆ ಚೌಕಾಸಿ ಮಾಡುವ ಬಲ ಬರುತ್ತದೆ.

ಮಣ್ಣಿನೊಳಗೆ ಕಾಯಾಗುವ ಬೆಳೆ

ಈಗ ಬಟ್ಟಲಿನ ಕಡೆ ಬರೋಣ.

ಶೇಂಗಾ ನಮ್ಮ ನೆಲದ ಮೂಲ ಬೆಳೆಯಲ್ಲ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿ, ಹದಿನಾರನೇ ಶತಮಾನದಿಂದೀಚೆಗೆ ಹಡಗುಗಳ ಜೊತೆ ಏಷ್ಯಾಕ್ಕೆ ಬಂದದ್ದು. ಆದರೆ ಚಳ್ಳಕೆರೆಯ ಕೆಂಪು ಮರಳುಮಿಶ್ರಿತ ಮಣ್ಣು ಅದನ್ನು ತನ್ನದೇ ಬೆಳೆಯೆಂಬಂತೆ ಒಪ್ಪಿಕೊಂಡಿತು.

ಅದರ ಬೆಳವಣಿಗೆಯೇ ಒಂದು ಬೆರಗು. ಹಳದಿ ಹೂವು ನೆಲದ ಮೇಲೆ ಅರಳುತ್ತದೆ. ಪರಾಗಸ್ಪರ್ಶವಾದ ಬಳಿಕ ಹೂವಿನ ಬುಡದಿಂದ ಸೂಜಿಯಂಥ ದಂಟು ಹೊರಟು, ಬಾಗಿ, ಮಣ್ಣಿಗೆ ಚುಚ್ಚಿಕೊಳ್ಳುತ್ತದೆ. ಅದರ ತುದಿ ಕತ್ತಲಲ್ಲಿ ಕಾಯಾಗುತ್ತದೆ. ಈ ದಂಟು ಇಳಿಯುವ ಹೊತ್ತಿಗೆ ಮಣ್ಣು ಸಡಿಲವಿರಬೇಕು, ಹಸಿಯಿರಬೇಕು. ಕಾಯಿ ತುಂಬಲು ಸುಣ್ಣದಂಶವೂ ಬೇಕು, ಅದಕ್ಕೇ ರೈತರು ಜಿಪ್ಸಂ ಹಾಕುತ್ತಾರೆ.

ಒಂದು ಮಳೆ ಅಲ್ಲಿ ತಪ್ಪಿತೆಂದರೆ ದಂಟು ಗಟ್ಟಿನೆಲವನ್ನು ಸೀಳಲಾರದು. ಮೇಲೆ ಬಳ್ಳಿ ಹಸಿರಾಗಿ ನಿಂತಿರುತ್ತದೆ, ಕಿತ್ತು ನೋಡಿದರೆ ಕೆಳಗೆ ಜೊಳ್ಳು. ದನಕ್ಕೆ ಮೇವಾಯಿತು, ಮನೆಗೆ ದುಡ್ಡಾಗಲಿಲ್ಲ ಎಂಬ ಸಂಕಟ ಈ ಸೀಮೆಯ ಪ್ರತಿ ಮನೆಗೂ ಗೊತ್ತು.

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ಸರಾಸರಿ ಮಳೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು, ಅದೂ ಹಂಚಿ ಬೀಳುವ ಭರವಸೆಯಿಲ್ಲ. ಭದ್ರಾ ಮೇಲ್ದಂಡೆಯ ನೀರಿಗೆ ಸೀಮೆ ವರ್ಷಗಳಿಂದ ಕಾಯುತ್ತಿದೆ. ಕೊಳವೆಬಾವಿ ಇಲ್ಲದವರಿಗೆ ಮುಂಗಾರಿನ ಶೇಂಗಾವೇ ವರ್ಷದ ದೊಡ್ಡ ಪಣ.

ಜೂನ್–ಜುಲೈಯಲ್ಲಿ ಬಿತ್ತಿದ್ದು ನೂರು–ನೂರಿಪ್ಪತ್ತು ದಿನಕ್ಕೆ ಬಲಿಯುತ್ತದೆ. ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ ನಿಂತಿರುತ್ತದೆ. ದಸರೆ ಕಳೆದು ದೀಪಾವಳಿ ಬರುವ ಹೊತ್ತಿಗೆ ಕೀಳುವ ಕೆಲಸ ಶುರು. ಗಿಡ ಕಿತ್ತು, ಕೊಡವಿ, ಬಿಸಿಲಿಗೆ ಒಣಹಾಕಿ, ಬಳ್ಳಿಯಿಂದ ಕಾಯಿ ಬಿಡಿಸಬೇಕು. ಬಿಡಿಸುವ ಕೆಲಸ ಹೆಚ್ಚಾಗಿ ಹೆಂಗಸರದು. ಬೆಳಗಿನಿಂದ ಸಂಜೆವರೆಗೆ ಕುಕ್ಕರುಗಾಲಲ್ಲಿ ಕೂತು ಬಿಡಿಸುವ ಆ ಬೆರಳುಗಳಿಗೆ ಮಣ್ಣಿನ ಕೆಂಪು ವಾರಗಟ್ಟಲೆ ಹತ್ತಿಕೊಂಡಿರುತ್ತದೆ.

ಇದೇ ಕಾರ್ತಿಕದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನಗರ ವರ್ಷಕ್ಕೊಮ್ಮೆ ಶೇಂಗಾಕ್ಕೆ ಕೈಮುಗಿಯುವ ದಿನ ಅದು.

ಎಣ್ಣೆಯ ಊರು

ಚಳ್ಳಕೆರೆಗೆ 'ಎಣ್ಣೆ ನಗರಿ' ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಗಾಣದ ಕಾಲ ಮುಗಿದು ಯಂತ್ರಗಳು ಬಂದ ಮೇಲೆ ಊರ ತುಂಬ ಎಣ್ಣೆ ಮಿಲ್ಲುಗಳೆದ್ದವು. ಎಣ್ಣೆ ವ್ಯಾಪಾರದಲ್ಲಿ 'ಎರಡನೇ ಮುಂಬೈ' ಎಂದು ಜನ ಹೆಮ್ಮೆಯಿಂದ ಕರೆದರು. ಶೇಂಗಾ ತುಂಬಿದ ಗಾಡಿಗಳು, ಹಮಾಲರ ಕೂಗು, ಹಿಂಡಿಯ ವಾಸನೆ ಊರಿನ ಗುರುತಾದವು.

1994ರಲ್ಲಿ ಕೇಂದ್ರ ಸರ್ಕಾರ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಅಗ್ಗದ ಎಣ್ಣೆ ಹಡಗುಗಳಲ್ಲಿ ಬಂದಿಳಿಯಿತು. ಬರಗಳು ಒಂದರ ಹಿಂದೊಂದು ಬಂದವು. ಶೇಂಗಾ ಎಣ್ಣೆ ದುಬಾರಿ ಎನಿಸಿ ಅಡುಗೆಮನೆಗಳಿಂದ ಹಿಂದೆ ಸರಿಯಿತು. ಮಿಲ್ಲುಗಳು ಒಂದೊಂದಾಗಿ ಸದ್ದಡಗಿದವು.

ಈ ಪೆಟ್ಟು ಒಂದು ಪಾಠವನ್ನೂ ಕಲಿಸಿದೆ. ಬರಿಯ ಎಣ್ಣೆಯಾಗಿ ಮಾರಿದರೆ ಶೇಂಗಾ ಮಲೇಷ್ಯಾ, ಇಂಡೊನೇಷ್ಯಾಗಳ ತಾಳೆಯೊಂದಿಗೆ ಬೆಲೆಯಲ್ಲಿ ಸೆಣಸಬೇಕು. ತಿನ್ನುವ ಬೀಜವಾಗಿ, ತನ್ನ ರುಚಿಯ ಬಲದ ಮೇಲೆ ಮಾರಿದರೆ ಆ ಸೆಣಸಾಟವೇ ಇಲ್ಲ. ತಾಳೆಹಣ್ಣನ್ನು ಹುರಿದು ಉಪ್ಪು ಹಚ್ಚಿ ಯಾರೂ ಬಟ್ಟಲಿಗೆ ಹಾಕುವುದಿಲ್ಲ.

ಐದು ರೂಪಾಯಿಯ ಲೆಕ್ಕ

2025–26ರ ಮುಂಗಾರಿಗೆ ಕೇಂದ್ರ ಸರ್ಕಾರ ಶೇಂಗಾಕ್ಕೆ ಘೋಷಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ. ಅಂದರೆ ಸಿಪ್ಪೆಸಮೇತ ಕಾಯಿ ಕಿಲೋಗೆ ಸುಮಾರು 73 ರೂಪಾಯಿ.

ಒಳ್ಳೆಯ ಕಾಯಿ ಒಂದು ಕಿಲೋ ಸುಲಿದರೆ ಸುಮಾರು 700 ಗ್ರಾಂ ಬೀಜ. ಹಾಗಾದರೆ ಬೀಜ ಕಿಲೋಗೆ 104 ರೂಪಾಯಿ ಬಿತ್ತು. ಬಾರಿನ ಬಟ್ಟಲಿನಲ್ಲಿ 50 ಗ್ರಾಂ ಇದೆ ಎಂದುಕೊಳ್ಳಿ. ಬೆಂಬಲ ಬೆಲೆ ಪೂರ್ತಿ ಸಿಕ್ಕರೂ ರೈತನ ಪಾಲು ಐದು ರೂಪಾಯಿ ಚಿಲ್ಲರೆ.

ಆ ಐದು ರೂಪಾಯಿಯಲ್ಲೇ ಬೀಜ, ಗೊಬ್ಬರ, ಬಿತ್ತನೆ, ಕಳೆ, ಕೀಳುವ ಕೂಲಿ, ಬಿಡಿಸುವ ಕೂಲಿ, ಬಾಡಿಗೆ ಎಲ್ಲ ಅಡಗಿವೆ. ಮಳೆ ಕೈಕೊಟ್ಟ ವರ್ಷದ ನಷ್ಟವೂ ಅದರಲ್ಲೇ ಹುದುಗಿದೆ. ಪಕ್ಕದ ಗ್ಲಾಸಿನ ಬಿಲ್ಲು ನೂರುಗಳಲ್ಲಿ ಬರುತ್ತದೆ.

ವಿಮಾನ ನಿಲ್ದಾಣದಲ್ಲಿ ಬೆಲೆ ಏರುವುದಕ್ಕೆ ಕಾರಣಗಳಿವೆ. ಮಳಿಗೆಯ ಬಾಡಿಗೆ ಭಾರಿ. ಒಳಹೋಗುವ ಪ್ರತಿ ಪೆಟ್ಟಿಗೆಯೂ ತಪಾಸಣೆಯಾಗಬೇಕು. ಸಿಬ್ಬಂದಿ ಹಗಲೂ ರಾತ್ರಿಯೂ ಇರಬೇಕು. ಇವನ್ನೆಲ್ಲ ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ: ದ್ರಾಕ್ಷಿ ಬೆಳೆದ ಸೀಮೆಯ ಹೆಸರಿಗೆ ಬೆಲೆ ತೆರುವ ಗ್ರಾಹಕ, ಶೇಂಗಾ ಬೆಳೆದ ಸೀಮೆಯ ಹೆಸರನ್ನು ಏಕೆ ಕೇಳುವುದಿಲ್ಲ?

ಉತ್ತರದ ಒಂದು ಭಾಗ ವ್ಯಾಪಾರದ ರೀತಿಯಲ್ಲಿದೆ. ಮಂಡಿಗೆ ಬಂದ ಕಾಯಿ ಒಂದೇ ರಾಶಿಗೆ ಬೀಳುತ್ತದೆ. ಯಾವ ಹಳ್ಳಿಯದು, ಯಾವ ಮಣ್ಣಿನದು ಎಂಬುದು ಅಲ್ಲಿಗೆ ಅಳಿಸಿಹೋಯಿತು. ಮುಂದೆ ಅದನ್ನು ಸುಲಿದು, ಕಲ್ಲು–ಕಸ ತೆಗೆದು, ಮುರುಕು, ಬಣ್ಣಗೆಟ್ಟ ಬೀಜ ಬೇರ್ಪಡಿಸಿ, ಕೈಯಿಂದ ಆರಿಸಿ 'ಎಚ್‌ಪಿಎಸ್' ಎಂಬ ದರ್ಜೆಗೆ ಸೇರಿಸುತ್ತಾರೆ. ಅಲ್ಲಿ ಬೀಜದ ಗುರುತು 'ಕೌಂಟ್'. 50/60 ಅಂದರೆ ಒಂದು ಔನ್ಸಿಗೆ, ಸುಮಾರು 28 ಗ್ರಾಮಿಗೆ, 50ರಿಂದ 60 ಬೀಜ. ಊರಿನ ಹೆಸರಿದ್ದ ಜಾಗಕ್ಕೆ ಈ ಎಣಿಕೆ ಬಂದು ಕೂರುತ್ತದೆ.

ಬಾಕ್ಸ್ | ನಾಲಗೆ, ಉಪ್ಪು, ಎತ್ತರ

● ಕೆಂಪು ವೈನಿನ ಒಗರಿಗೆ ಕಾರಣ ಟ್ಯಾನಿನ್. ಅದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಶೇಂಗಾದಲ್ಲಿ ಸುಮಾರು ಕಾಲು ಭಾಗ ಪ್ರೋಟೀನ್, ಅರ್ಧದಷ್ಟು ಎಣ್ಣೆ. ಜೊತೆಗೆ ತಿಂದಾಗ ಒಗರು ಮೆತ್ತಗಾಗುತ್ತದೆ. ಉಪ್ಪು ಕಹಿಯನ್ನು ತಗ್ಗಿಸುತ್ತದೆ.

● ಖಾರದ ಶೇಂಗಾಕ್ಕೆ ಗಡುಸು ಕೆಂಪು ವೈನ್ ಹೊಂದುವುದಿಲ್ಲ. ಆಲ್ಕೊಹಾಲ್ ಖಾರದ ಉರಿಯನ್ನು ಏರಿಸುತ್ತದೆ. ಕೊಂಚ ಸಿಹಿಯಿರುವ ತಂಪು ಬಿಳಿ ವೈನ್ ಒಳ್ಳೆಯ ಜೋಡಿ.

● ಹಾರಾಟದಲ್ಲಿ ವಿಮಾನದೊಳಗಿನ ಒತ್ತಡ 6,000ರಿಂದ 8,000 ಅಡಿ ಎತ್ತರದ ಬೆಟ್ಟದಷ್ಟಿರುತ್ತದೆ. ಗಾಳಿಯೂ ಬಹಳ ಒಣ. ಉಪ್ಪು, ಸಿಹಿಯ ರುಚಿ ಅಲ್ಲಿ ಮಂಕಾಗುತ್ತದೆ. ವೈನಿನ ಪರಿಮಳ ಪೂರ್ತಿ ಸಿಗುವುದು ನೆಲದ ಮೇಲೆ.

● ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ದಶಕಗಳ ಕಾಲ ಹಂಚುತ್ತಿದ್ದ ಶೇಂಗಾ ಪೊಟ್ಟಣವನ್ನು, ಅಲರ್ಜಿ ಇರುವವರ ಹಿತಕ್ಕಾಗಿ, 2018ರ ಆಗಸ್ಟ್ 1ರಿಂದ ನಿಲ್ಲಿಸಿತು.

● ಬೆಂಗಳೂರಿನ 'ಕಾಂಗ್ರೆಸ್ ಕಡಲೆಬೀಜ'ಕ್ಕೆ ಆ ಹೆಸರು ಬಂದದ್ದು 1969ರಲ್ಲಿ ಕಾಂಗ್ರೆಸ್ ಎರಡು ಹೋಳಾದಾಗ ಎಂದು ನಗರದ ಹಿರಿಯರು ಹೇಳುತ್ತಾರೆ.

ಕುಡಿಯದವರ ಸೀಮೆ

ವೈನ್ ಬಾರಿನ ಮಾತಾಡುವಾಗ ಈ ಸೀಮೆಯ ಇನ್ನೊಂದು ಗುಣವನ್ನು ಮರೆಯಬಾರದು. ಇಲ್ಲಿನ ದೊಡ್ಡ ಸಮುದಾಯಗಳಲ್ಲೊಂದಾದ ಮ್ಯಾಸನಾಯಕರ ಕಟ್ಟಳೆಯಲ್ಲಿ ಹೆಂಡ ನಿಷಿದ್ಧ, ಕೋಳಿಯೂ ನಿಷಿದ್ಧ. ದೇವರ ಎತ್ತುಗಳನ್ನು ಸಾಕುವ, ಅವನ್ನು ಕಾಯುವ ಕಿಲಾರಿಯನ್ನು ಗೌರವಿಸುವ ಈ ಪಶುಪಾಲಕ ಬುಡಕಟ್ಟು ಬರದ ನೆಲದಲ್ಲಿ ತನ್ನದೇ ಶಿಸ್ತು ಕಟ್ಟಿಕೊಂಡಿತು. ಹಣ, ಹೊಟ್ಟೆ, ಮನೆಯ ನೆಮ್ಮದಿಯನ್ನು ಕುಡಿತ ಹೇಗೆ ಕಸಿಯುತ್ತದೆಂದು ಹಳ್ಳಿಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಈ ವಿವೇಕವನ್ನು ವಿಜ್ಞಾನವೂ ಬೆಂಬಲಿಸುತ್ತದೆ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಕುಡಿತದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಜರ್ಮನಿಯ ವೈಮಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನ ವಿಮಾನಪ್ರಯಾಣಿಕರಿಗೆ ನೇರ ಸಂಬಂಧಿಸಿದ್ದು. ಕುಡಿದು, ವಿಮಾನದೊಳಗಿನಂಥ ಕಡಿಮೆ ಒತ್ತಡದಲ್ಲಿ ನಿದ್ರಿಸಿದ ಆರೋಗ್ಯವಂತ ಯುವಕರಲ್ಲೂ ರಕ್ತದ ಆಮ್ಲಜನಕ ಶೇ 85ರ ಹತ್ತಿರಕ್ಕೆ ಇಳಿಯಿತು, ಹೃದಯಬಡಿತ ಏರಿತು. ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೆ ಇದು ಗಂಭೀರ ಎಚ್ಚರಿಕೆ.

ಹಾಗಾಗಿ ವಿಮಾನ ಹತ್ತುವ ಮುನ್ನ ಕುಡಿಯುವವರು ಒಂದು ಗ್ಲಾಸಿಗೆ ನಿಲ್ಲಿಸುವುದು, ಖಾಲಿ ಹೊಟ್ಟೆಯಲ್ಲಿ ಕುಡಿಯದಿರುವುದು, ಜೊತೆಗೆ ಸಾಕಷ್ಟು ನೀರು ಕುಡಿಯುವುದು ಒಳ್ಳೆಯದು. ಹೊಟ್ಟೆಯಲ್ಲಿ ಆಹಾರವಿದ್ದರೆ ಆಲ್ಕೊಹಾಲ್ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಇಲ್ಲೂ ನೆರವಿಗೆ ಬರುವುದು ಆ ಬಟ್ಟಲೇ.

ಕುಡಿಯದವರಿಗೂ ನಿಲ್ದಾಣದಲ್ಲಿ ಜಾಗವಿರಬೇಕು. 2024ರ ಡಿಸೆಂಬರಿನಲ್ಲಿ ಕೋಲ್ಕತ್ತ ವಿಮಾನ ನಿಲ್ದಾಣದಲ್ಲಿ ಆರಂಭವಾದ 'ಉಡಾನ್ ಯಾತ್ರಿ ಕೆಫೆ'ಯಲ್ಲಿ ಚಹಾ 10 ರೂಪಾಯಿ, ಸಮೋಸ 20 ರೂಪಾಯಿ. ಚಳ್ಳಕೆರೆಯ ಬಸ್ ನಿಲ್ದಾಣದ ಎದುರು ಸಂಜೆ ಸಿಗುವ ಚಹಾ, ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಸುಖ ವಿಮಾನ ಹತ್ತುವವರಿಗೂ ಎಟಕುವ ಬೆಲೆಗೆ ಸಿಗಬೇಕೆಂಬುದು ನ್ಯಾಯವಾದ ಆಸೆ. ಆ ಮಂಡಕ್ಕಿಯಲ್ಲೂ ಒಂದು ಹಿಡಿ ಶೇಂಗಾ ಇದ್ದೇ ಇರುತ್ತದೆ.

ಬಾಕ್ಸ್ | ಬ್ರಹ್ಮಗಿರಿಯ ಕಾಲ ಹೇಳಿದ ವೈನ್ ಜಾಡಿ

● ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. 'ಇಸಿಲ' ಎಂಬ ಪಟ್ಟಣದ ಹೆಸರು ಅಲ್ಲಿದೆ.

● 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಮೆಡಿಟರೇನಿಯನ್ ಕಡೆಯಿಂದ ವೈನ್, ಎಣ್ಣೆ ತುಂಬಿ ತಂದ ಜಾಡಿಗಳ ಚೂರು ಸಿಕ್ಕವು. ಅವುಗಳ ಕಾಲ ಗೊತ್ತಿತ್ತು. ಅದೇ ನೆಲೆಯಲ್ಲಿ ಚುಕ್ಕಿಸಾಲು ಒತ್ತಿದ ನುಣುಪು ತಟ್ಟೆಗಳೂ ಇದ್ದವು.

● 1947ರಲ್ಲಿ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದರು. ಅಂಥದೇ ತಟ್ಟೆಯ ಚೂರುಗಳು ಅಲ್ಲೂ ಸಿಕ್ಕವು. ಆ ನಂಟಿನಿಂದ ಬ್ರಹ್ಮಗಿರಿಯ ಮಣ್ಣಿನ ಪದರಗಳಿಗೆ ಕಾಲ ನಿಗದಿಯಾಯಿತು. ದಕ್ಷಿಣ ಭಾರತದ ಬೃಹತ್ ಶಿಲಾಸಮಾಧಿಗಳ ಇತಿಹಾಸ ಬರೆಯಲು ಇದೇ ತಳಹದಿಯಾಯಿತು.

ಸೀರೆಗೆ ಸಿಕ್ಕ ಗೌರವ

ಹೆಸರಿನ ಬಲವನ್ನು ತಿಳಿಯಲು ಈ ಸೀಮೆಯವರು ಫ್ರಾನ್ಸಿನ ಉದಾಹರಣೆಗೆ ಹೋಗಬೇಕಿಲ್ಲ. ಮೊಳಕಾಲ್ಮೂರಿನ ಮಗ್ಗಗಳೇ ಇವೆ.

ಮೊಳಕಾಲ್ಮೂರು ರೇಷ್ಮೆ ಸೀರೆ ಜಿಐ ಮಾನ್ಯತೆ ಪಡೆದ ಸೀರೆ. ಸೆರಗು, ಅಂಚುಗಳ ಕುಸುರಿ, ಗಾಢ ಬಣ್ಣಗಳ ಜೋಡಣೆ ಗೊತ್ತಿದ್ದವರು ಕೇಳುವುದು ಬರೀ ರೇಷ್ಮೆ ಸೀರೆಯನ್ನಲ್ಲ, ಮೊಳಕಾಲ್ಮೂರು ಸೀರೆಯನ್ನು. ನೇಕಾರರ ಕಷ್ಟಗಳು ಇದರಿಂದ ಪೂರ್ತಿ ತೀರಿಲ್ಲ. ವಿದ್ಯುತ್ ಮಗ್ಗದ ನಕಲುಗಳ ಎದುರು ಅವರ ಹೋರಾಟ ಇಂದಿಗೂ ಇದೆ. ಆದರೆ ನಕಲು ಎಂದು ಬೆರಳು ತೋರಿಸಲು ಕಾನೂನಿನ ಹೆಸರೊಂದು ಅವರ ಕೈಯಲ್ಲಿದೆ.

ವಿಮಾನ ನಿಲ್ದಾಣದ ಮಗ್ಗುಲಲ್ಲೇ ಬೆಳೆಯುವ ದೇವನಹಳ್ಳಿ ಚಕ್ಕೋತಕ್ಕೆ ಜಿಐ ಇದೆ. ಬೆಂಗಳೂರು ನೀಲಿಗೆ ಇದೆ. ಸೀರೆಗೆ ಇದೆ. ಚಳ್ಳಕೆರೆಯ ಶೇಂಗಾಕ್ಕೂ ಆ ದಾರಿ ಹುಡುಕಬೇಕು.

ಅದು ಅರ್ಜಿ ಹಾಕಿದೊಡನೆ ಸಿಗುವಂಥದಲ್ಲ. ಈ ಮಣ್ಣಿನ ಬೀಜ ಬೇರೆಡೆಯ ಬೀಜಕ್ಕಿಂತ ಹೇಗೆ ಭಿನ್ನ ಎಂದು ತೋರಿಸಬೇಕು. ಎಣ್ಣೆಯಂಶ, ಸಿಹಿ, ಹುರಿದಾಗಿನ ಪರಿಮಳ ಇವನ್ನೆಲ್ಲ ಕೃಷಿ ವಿಶ್ವವಿದ್ಯಾಲಯಗಳು ಅಳೆದು ದಾಖಲಿಸಬೇಕು. ಯಾವ ತಳಿ ಎಂಬುದೂ ಮುಖ್ಯ. 1940ರಲ್ಲಿ ತಮಿಳುನಾಡಿನ ತಿಂಡಿವನದಿಂದ ಬಿಡುಗಡೆಯಾದ ಟಿಎಂವಿ–2 ದಶಕಗಳ ಕಾಲ ಇಲ್ಲಿನ ಹೊಲಗಳನ್ನು ಆಳಿತು. ಈಚೆಗೆ ಹೆಚ್ಚು ಇಳುವರಿಯ 'ಕದಿರಿ ಲೇಪಾಕ್ಷಿ'ಯಂಥ ತಳಿಗಳು ಬಂದಿವೆ. ರುಚಿಗೆ ಯಾವುದು, ಎಣ್ಣೆಗೆ ಯಾವುದು ಎಂದು ರೈತರೂ ವಿಜ್ಞಾನಿಗಳೂ ಕೂತು ತೀರ್ಮಾನಿಸಬೇಕು.

ಜಿಐ ಬರುವವರೆಗೆ ಕಾಯಬೇಕಿಲ್ಲ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ 'ಒಂದು ಜಿಲ್ಲೆ, ಒಂದು ಉತ್ಪನ್ನ'ದ ಪಟ್ಟಿಯಿದೆ. ಚಿತ್ರದುರ್ಗ ಜಿಲ್ಲೆಯ ಎದುರು ಬರೆದಿರುವುದು ಶೇಂಗಾ. ಘಟಕದ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಕೇಂದ್ರದ ಯೋಜನೆಯಡಿ ಸಹಾಯಧನ ಇದರಲ್ಲಿ ಸೇರಿದೆ.

ಸುಲಿಯುವ, ವಿಂಗಡಿಸುವ, ಹುರಿಯುವ, ಗಾಳಿಯಾಡದಂತೆ ಪ್ಯಾಕ್ ಮಾಡುವ ಸಣ್ಣ ಘಟಕಗಳು ಚಳ್ಳಕೆರೆ, ನಾಯಕನಹಟ್ಟಿ, ಪರಶುರಾಂಪುರ, ರಾಂಪುರದಲ್ಲೇ ನಿಲ್ಲಬಹುದು. ಒಣಗಿಸುವಾಗ, ಕೂಡಿಡುವಾಗ ತೇವ ತಗಲದಂತೆ ನೋಡಿಕೊಂಡರೆ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ತಡೆಯಬಹುದು. ದೊಡ್ಡ ಖರೀದಿದಾರರು ಮೊದಲು ಪರೀಕ್ಷಿಸುವುದೇ ಅದನ್ನು. ಇಂದು ಕಾಯಿ ಬಿಡಿಸುವ ಹೆಂಗಸರ ಸ್ವಸಹಾಯ ಸಂಘಗಳಿಗೆ ನಾಳೆ ಈ ಘಟಕಗಳ ಒಡೆತನ ಸಿಕ್ಕರೆ ಐದು ರೂಪಾಯಿಯ ಲೆಕ್ಕ ಬದಲಾಗುತ್ತದೆ.

ಜಗತ್ತಿನಲ್ಲಿ ಇದಕ್ಕೆ ದಾರಿ ತೋರಿದವರಿದ್ದಾರೆ. ಜಪಾನಿನಲ್ಲಿ ಚಿಬಾ ಪ್ರಾಂತ್ಯದ ಶೇಂಗಾವನ್ನು ಊರಿನ ಹೆಸರು ಹಿಡಿದೇ ಕೊಳ್ಳುತ್ತಾರೆ. ಅಮೆರಿಕದಲ್ಲಿ ವರ್ಜೀನಿಯಾದ ದಪ್ಪ ಬೀಜ ಆ ರಾಜ್ಯದ ಹೆಸರಲ್ಲೇ ಡಬ್ಬಿ ಸೇರುತ್ತದೆ.

ಬಟ್ಟಲಿಗೊಂದು ಚೀಟಿ

ಬೆಂಗಳೂರಿನ ವಿಮಾನ ನಿಲ್ದಾಣ ಈ ನಾಡಿನ ಹೆಬ್ಬಾಗಿಲು. ಅದಕ್ಕೆ ನಾಡಪ್ರಭುವಿನ ಹೆಸರಿದೆ. ಒಳಗೆ ನಂದಿಯ ದ್ರಾಕ್ಷಿಗೆ, ಮಲೆನಾಡಿನ ಕಾಫಿಗೆ ಮರ್ಯಾದೆಯಿದೆ. ಬಯಲುಸೀಮೆಯ ಬೆಳೆಗೂ ಅದೇ ಸಾಲಿನಲ್ಲಿ ಜಾಗ ಸಿಗಬೇಕು.

ಕೇಳುತ್ತಿರುವುದು ಅನುಕಂಪವನ್ನಲ್ಲ. 500 ಮಿಲಿಮೀಟರ್ ಮಳೆಯಲ್ಲಿ ಪ್ರೋಟೀನು, ಎಣ್ಣೆ, ದನದ ಮೇವು ಮೂರನ್ನೂ ಕೊಟ್ಟು, ಬೇರಿನ ಗಂಟುಗಳಲ್ಲಿ ಸಾರಜನಕ ಕಟ್ಟಿ ಮಣ್ಣನ್ನೂ ಪೋಷಿಸುವ ಬೆಳೆ ಇದು. ನೀರು ಕಡಿಮೆಯಾಗುತ್ತಿರುವ ಕಾಲದಲ್ಲಿ ಇಂಥ ಬೆಳೆಯ ಗುಣಕ್ಕೆ ತಕ್ಕ ಬೆಲೆ ಕೇಳುವುದು ಹಕ್ಕು.

ಮೊದಲ ಹೆಜ್ಜೆ ಸಣ್ಣದು. ಬಾರಿನ, ಕೆಫೆಯ ಮೆನುವಿನಲ್ಲಿ ವೈನಿನ ಊರು ಅಚ್ಚಾಗುವ ಪುಟದಲ್ಲೇ ಶೇಂಗಾದ ಊರೂ ಅಚ್ಚಾಗಲಿ: 'ಚಳ್ಳಕೆರೆ, ಮಳೆಯಾಶ್ರಿತ ಬೆಳೆ, ಈ ಕಾರ್ತಿಕದ ಕಾಯಿ.' ಅಚ್ಚಾಗಿದ್ದು ನಿಜವಾಗಿರಬೇಕಾದರೆ ರೈತ ಉತ್ಪಾದಕ ಸಂಸ್ಥೆಗಳಿಂದ ನೇರ ಖರೀದಿಯಾಗಬೇಕು. ಖರೀದಿ ನೇರವಾದರೆ ದರ್ಜೆಗೆ ತಕ್ಕ ದರ ಬರುತ್ತದೆ. ದರ ಬಂದರೆ ಮುಂದಿನ ಆರಿದ್ರಾಕ್ಕೆ ಒಳ್ಳೆಯ ಬಿತ್ತನೆ ಬೀಜ ಕೊಳ್ಳುವ ಧೈರ್ಯ ಬರುತ್ತದೆ.

ಪ್ರಯಾಣಿಕರ ಪಾಲಿಗೂ ಒಂದು ಕೆಲಸವಿದೆ. ಮುಂದಿನ ಸಲ ವಿಮಾನಕ್ಕೆ ಕಾಯುತ್ತ ಕೂತಾಗ, ಗ್ಲಾಸಿನಲ್ಲಿ ವೈನಿರಲಿ, ನಿಂಬೆ ಸೋಡಾ ಇರಲಿ, ಬಟ್ಟಲು ಮುಂದಿಟ್ಟವರನ್ನು ಕೇಳಿ: 'ಇದು ಎಲ್ಲಿಯ ಶೇಂಗಾ?' ಮೊದಲು ಉತ್ತರ ಸಿಗದಿರಬಹುದು. ಹತ್ತು ಜನ ಕೇಳಿದರೆ ಮ್ಯಾನೇಜರಿಗೆ ಗೊತ್ತಾಗುತ್ತದೆ, ನೂರು ಜನ ಕೇಳಿದರೆ ಖರೀದಿಯ ಕಡತಕ್ಕೆ ಸೇರುತ್ತದೆ. ದ್ರಾಕ್ಷಿಗೆ ಊರಿನ ಹೆಸರು ತಂದುಕೊಟ್ಟವರು ಎಲ್ಲಿಯದು ಎಂದು ಕೇಳಿ ಕುಡಿದವರೇ. ಶೇಂಗಾಕ್ಕೂ ಹೆಸರು ಬರುವುದು ಕೇಳಿ ತಿನ್ನುವವರಿಂದಲೇ.